ಬದುಕಿರುವ ಮೀನಿನ ಸಾಕ್ಷ್ಯ

ತುಂಗಭದ್ರೆಯ ದಂಡೆಯವರಿಗೆ ಸತ್ತು ತೇಲುವ ಮೀನು ಹೊಸದಲ್ಲ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ನೀರು ಹೊಳೆ ಸೇರಿ ಮೀನು ಸಾಯುತ್ತಿವೆಯೆಂದು ಊರವರು ದೂರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ದೂರನ್ನು ಹೋರಾಟವಾಗಿಸಿತು. ಆದರೆ ಮೀನು ತೇಲಿ ಬರುವಷ್ಟರಲ್ಲಿ ಹಾನಿ ಮುಗಿದಿರುತ್ತದೆ. ಅದಕ್ಕೂ ಮೊದಲೇ, ಈಜುತ್ತಿರುವ ಮೀನಿನ ಒಡಲಲ್ಲಿ ಕುರುಹು ಹುಡುಕುವ ಕಸುಬೊಂದಿದೆ. ವಿಜ್ಞಾನಿಗಳು ಆ ಕುರುಹುಗಳನ್ನು ಬಯೋಮಾರ್ಕರ್ ಎನ್ನುತ್ತಾರೆ.

ಹಾವೇರಿ ಜಿಲ್ಲೆಯ ಯಲವಿಗಿ ಸೀಮೆಯಲ್ಲಿ ಕಾರ್ಖಾನೆಯ ಕೊಳವೆಯಿಲ್ಲ. ಇಲ್ಲಿರುವುದು ಹತ್ತಿ, ಗೋವಿನಜೋಳ, ಮೆಣಸಿನಕಾಯಿ. ಅವಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ. ಹೊಡೆದ ಮರುದಿನ ಜೋರು ಮಳೆ ಬಂದರೆ ಒಂದಿಷ್ಟು ಹಳ್ಳಕ್ಕೆ, ಕೆರೆಗೆ ಇಳಿಯುತ್ತದೆ. ವಾರ ಬಿಟ್ಟು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದವರಿಗೆ ಪ್ರಯೋಗಾಲಯದಲ್ಲಿ ಏನೂ ಸಿಗದಿರಬಹುದು. ವಿಷ ಕರಗಿ ಹೋಗಿದೆ; ಅದನ್ನು ಉಂಡ ಮೀನು ಮಾತ್ರ ಅಲ್ಲೇ ಇದೆ.

ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು, ಅಂದರೆ ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ನಂಥವು, ನರಗಳ ಕೆಲಸಕ್ಕೆ ಬೇಕಾದ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಹುಳಕ್ಕೆ ಮಾಡಿದ್ದನ್ನೇ ಮೀನಿಗೂ ಮಾಡುತ್ತವೆ. ಕಿಣ್ವ ಮತ್ತೆ ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಹಿಡಿಯಬಹುದು. ತಡವಾಗಿ ಬಂದವರಿಗೂ ಉತ್ತರ ಸಿಗುವುದು ಇದರಿಂದಲೇ. ಮಿದುಳಿನ ಚೂರನ್ನು ಮಂಜುಗಡ್ಡೆಯ ಮೇಲಿಟ್ಟು ಅರೆದು, 1961ರಲ್ಲಿ ಎಲ್‌ಮನ್ ತೋರಿಸಿಕೊಟ್ಟ ವಿಧಾನದಂತೆ ದ್ರಾವಣ ಸೇರಿಸಿದರೆ ಹಳದಿ ಬಣ್ಣ ಏರತೊಡಗುತ್ತದೆ. ಕಿಣ್ವ ಚುರುಕಾಗಿದ್ದರೆ ಬಣ್ಣ ಬೇಗ ಏರುತ್ತದೆ, ವಿಷ ತಾಗಿದ್ದರೆ ನಿಧಾನ. ಇಷ್ಟು ಸರಳವಾಗಿ ಪ್ರಶ್ನೆ ಕೇಳುವುದನ್ನು ಕಂಡುಕೊಂಡದ್ದೇ ದೊಡ್ಡ ಜಾಣತನ.

ನನಗೆ ಇನ್ನೂ ಇಷ್ಟವಾಗುವುದು ರಕ್ತದ ಪರೀಕ್ಷೆ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಮೀನಿನದರಲ್ಲಿ ಇದೆ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಗೆಂಡೆ ಮೀನನ್ನು ಮಂಪರುಗೊಳಿಸಿ, ಬಾಲದ ಬುಡದಿಂದ ಹನಿ ರಕ್ತ ತೆಗೆಯುತ್ತಾರೆ. ಅದನ್ನು ಗಾಜಿನ ಮೇಲೆ ತೆಳುವಾಗಿ ಎಳೆದು, ಒಣಗಿಸಿ, ಮೆಥನಾಲ್‌ನಲ್ಲಿ ಅದ್ದಿ, ಜೀಮ್ಸಾ ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಡಿ ಅಂಡಾಕಾರದ ಕಣಗಳು, ನಡುವೆ ನೇರಳೆ ಕೋಶಕೇಂದ್ರ. ಕಣ ಒಡೆದು ಎರಡಾಗುವಾಗ ವಿಷ ತಾಗಿ ಮುರಿದ ವರ್ಣತಂತುವಿನ ಚೂರು ಹಿಂದುಳಿದರೆ ಪಕ್ಕದಲ್ಲೊಂದು ಪುಟ್ಟ ಚುಕ್ಕೆ ಕಾಣುತ್ತದೆ. ಅದು ಕೋಶಕೇಂದ್ರದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು, ಅದಕ್ಕೆ ತಾಗಿರಬಾರದು, ಅದರಷ್ಟೇ ಗಾಢವಾಗಿರಬೇಕು. ಬಣ್ಣದ ಕಸವೂ ಹಾಗೇ ಕಾಣುವುದರಿಂದ ಕಣ್ಣು ಪಳಗಿರಬೇಕು. ಒಂದೊಂದು ಮೀನಿಗೆ ಸಾವಿರಕ್ಕೂ ಹೆಚ್ಚು ಕಣ ಎಣಿಸಬೇಕು. ಯಾವ ಗಾಜು ಯಾವ ಕೆರೆಯದೆಂದು ಎಣಿಸುವವರಿಗೆ ಹೇಳದಿರುವುದು ಒಳ್ಳೆಯ ಪದ್ಧತಿ. ಮನಸ್ಸು ತನಗೆ ಬೇಕಾದ ಚುಕ್ಕೆಯನ್ನು ಕಂಡುಬಿಡುತ್ತದೆ.

ಇನ್ನೂ ಹಲವು ಕುರುಹುಗಳಿವೆ. ಕ್ಯಾಡ್ಮಿಯಂನಂಥ ಲೋಹಗಳಿಗೆ ಯಕೃತ್ತಿನಲ್ಲಿ ಹೆಚ್ಚುವ ಮೆಟಾಲೊಥಯೊನೀನ್ ಎಂಬ ಪ್ರೋಟೀನು, ಚರಂಡಿ ನೀರಿನ ಹಾರ್ಮೋನುಗಳಿಗೆ ಗಂಡು ಮೀನಿನಲ್ಲಿ ಹುಟ್ಟುವ ಮೊಟ್ಟೆಯ ಪ್ರೋಟೀನು. ಸ್ವೀಡನ್ನಿನ ನಾರ್‌ಸುಂಡೆಟ್‌ನಲ್ಲಿ 1980ರ ದಶಕದಲ್ಲೇ ಮರದ ತಿರುಳಿನ ಕಾರ್ಖಾನೆಯ ಬಳಿ ಬದುಕಿದ್ದ ಮೀನುಗಳ ಯಕೃತ್ತಿನಲ್ಲಿ ವಿಷ ಕಳೆಯುವ ಕಿಣ್ವ ಏರಿದ್ದೂ, ಜನನಾಂಗ ಕುಗ್ಗಿದ್ದೂ ಕಂಡಿತ್ತು. ಕುಮಾರಪಟ್ಟಣದ್ದೂ ತಿರುಳಿನ ಕಾರ್ಖಾನೆಯೇ.

ಕಷ್ಟವಿರುವುದು ಅರ್ಥ ಹೇಳುವಲ್ಲಿ. ಬಿಸಿಲಿಗೆ ನೀರು ಕಾದರೂ, ಮೊಟ್ಟೆ ಕಟ್ಟುವ ಕಾಲ ಬಂದರೂ, ಬಲೆಯಲ್ಲಿ ಮೀನು ಒದ್ದಾಡಿದರೂ ಅಂಕಿ ಏರುಪೇರಾಗಬಹುದು. ಆದ್ದರಿಂದ ಅನುಭವಸ್ಥರು ಒಂದೇ ಕುರುಹನ್ನು ನಂಬುವುದಿಲ್ಲ. ಅದೇ ಜಾತಿಯ, ಅದೇ ಅಳತೆಯ ಮೀನನ್ನು ಶುದ್ಧವೆನಿಸಿದ ನೀರಿನಿಂದಲೂ ಹಿಡಿದು ಹೋಲಿಸುತ್ತಾರೆ. ಯಲವಿಗಿ ಸೀಮೆಯ ವರದಾ ಹೊಳೆಯಲ್ಲಿ ಈ ಕೆಲಸ ಮಾಡುವುದಾದರೆ ಮೇಲ್ಹರಿವಿನ ಮಡುವೊಂದು, ಹೊಲಗಳ ಹಳ್ಳ ಸೇರಿದ ನಂತರದ ಮಡುವೊಂದು. ಬಿತ್ತನೆಗೆ ಮೊದಲೊಮ್ಮೆ, ಎಣ್ಣೆ ಹೊಡೆಯುವ ದಿನಗಳಲ್ಲಿ ಮತ್ತೊಮ್ಮೆ. ಕಿಣ್ವದ ಪರೀಕ್ಷೆಗೆ ಬಣ್ಣ ಅಳೆಯುವ ಯಂತ್ರ ಬೇಕು. ರಕ್ತದ ಗಾಜಿಗೆ ಬೇಕಾದ ಸೂಕ್ಷ್ಮದರ್ಶಕ ಮತ್ತು ಬಣ್ಣ ಪ್ರಾಣಿಶಾಸ್ತ್ರ ಕಲಿಸುವ ಸಾಧಾರಣ ಕಾಲೇಜಿಗೂ ಎಟಕುವಂಥವು.