ಮಾತನಾಡುವ ಗಾಜು

ನುಣುಪಾದ ಗಾಜಿನ ಮೇಲೆ ಬೆರಳಿಗೆ ಸಿಕ್ಕುವ ಗುರುತು ಯಾವುದೂ ಇಲ್ಲ. ಹೀಗಿರುವಾಗ ದೃಷ್ಟಿಯಿಲ್ಲದವರು ಸ್ಮಾರ್ಟ್‌ಫೋನನ್ನು ಬಳಸುವುದು ಹೇಗೆ? 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್, ಆಂಡ್ರಾಯ್ಡ್ ಫೋನಿಗೆ ಟಾಕ್‌ಬ್ಯಾಕ್ ಎಂಬ ಪರದೆವಾಚಕಗಳು ಬಂದು ಈ ತೊಡಕನ್ನು ಬಿಡಿಸಿದವು. ಬೆರಳು ತಗುಲಿದೆಡೆ ಏನಿದೆಯೆಂಬುದನ್ನು ಫೋನು ನುಡಿಯುವುದು. ಎರಡು ಬಾರಿ ತಟ್ಟಿದರೆ ಆ ಕೆಲಸವು ನಡೆಯುವುದು.

ಕನ್ನಡವನ್ನು ಬರೆದಂತೆಯೇ ಉಚ್ಚರಿಸಿದರೆ ಸಾಲದೆ? ಸಾಲದು. ಮಂಡ್ಯ ಜಿಲ್ಲೆಯ ನಾಲ್ಕು ಊರುಗಳನ್ನೇ ನೋಡೋಣ. ಶ್ರೀರಂಗಪಟ್ಟಣ, ನಾಗಮಂಗಲಗಳಲ್ಲಿ ಸೊನ್ನೆಯು ಮುಂದಿನ ಗಕಾರದ ದೆಸೆಯಿಂದ ಙಕಾರವಾಗುವುದು; ಪಾಂಡವಪುರದಲ್ಲಿ ಅದೇ ಸೊನ್ನೆ ಣಕಾರ. ಕೆ.ಆರ್. ಪೇಟೆ ಎಂಬಲ್ಲಿಯ ಚುಕ್ಕೆಯು ವಾಕ್ಯದ ಕೊನೆಯಲ್ಲ, ಹ್ರಸ್ವರೂಪದ ಗುರುತು. ಇವೆಲ್ಲವನ್ನೂ ಯಂತ್ರಕ್ಕೆ ಮೊದಲೇ ಕಲಿಸಬೇಕು.

ಆದರೆ ಯಂತ್ರವು ಓದಬೇಕಾದರೆ ಅಕ್ಷರವು ಅಕ್ಷರವಾಗಿಯೇ ಬರಬೇಕು. ಈ ಊರುಗಳ ಬಸ್ಸಿನ ವೇಳಾಪಟ್ಟಿಯನ್ನು ಫೋಟೋ ತೆಗೆದು ಕಳುಹಿಸಿದರೆ, ಅದು ಬರಿಯ ಬಣ್ಣದ ಚುಕ್ಕೆಗಳ ರಾಶಿ. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಉಂಟು. ಚಿತ್ರವು ಮಸುಕಾಗಿದ್ದರೆ ಅವೂ ಎಡವುತ್ತವೆ. ಒಂದು ಅಂಕೆ ತಪ್ಪಿದರೆ ಬಸ್ಸೇ ತಪ್ಪೀತು! ವಿಕಲಚೇತನರಿಗೆ ಮಾಹಿತಿಯು ಎಟುಕುವಂತೆ ಮಾಡುವ ಹೊಣೆಯನ್ನು 2016ರ ಕಾಯಿದೆಯು ಸರ್ಕಾರಗಳ ಮೇಲೆ ಹೊರಿಸಿದೆ. ನಮ್ಮ ಪಾಲಿನ ಹೊಣೆ ಬಲು ಹಗುರ: ನಾಲ್ಕು ಸಾಲನ್ನು ಟೈಪು ಮಾಡಿ ಕಳುಹಿಸುವುದು.