ಡ್ರೋನ್ ಮೋಟಾರು ವೇಗ ನಿಯಂತ್ರಕಗಳ ಮುಕ್ತ ಫರ್ಮ್‌ವೇರ್

ವಿದ್ಯುನ್ಮಾನ ವೇಗ ನಿಯಂತ್ರಕವು (ಸಂಕ್ಷಿಪ್ತವಾಗಿ ಇಎಸ್‌ಸಿ) ಡ್ರೋನಿನ ಬ್ಯಾಟರಿ ಮತ್ತು ಮೋಟಾರುಗಳ ನಡುವೆ ಇದ್ದು, ಮೋಟಾರು ಎಷ್ಟು ವೇಗವಾಗಿ ತಿರುಗಬೇಕೆಂಬುದನ್ನು ನಿಯಂತ್ರಿಸುವ ಸಾಧನ. ಇದರೊಳಗಿನ ಮೈಕ್ರೋಕಂಟ್ರೋಲರ್‌ನಲ್ಲಿ ನಡೆಯುವ ತಂತ್ರಾಂಶವನ್ನು ಫರ್ಮ್‌ವೇರ್ ಎನ್ನುತ್ತಾರೆ. ತಯಾರಕರು ಅಳವಡಿಸಿದ ಫರ್ಮ್‌ವೇರನ್ನು ತೆಗೆದು, ಆಕರ ಸಂಕೇತ ಎಲ್ಲರಿಗೂ ಲಭ್ಯವಿರುವ ಬ್ಲೂಜೇ, ಎಎಂ32 ಮೊದಲಾದ ಮುಕ್ತ ಫರ್ಮ್‌ವೇರ್‌ಗಳನ್ನು ಹಾಕುವ ರೂಢಿ ಹವ್ಯಾಸಿ ಡ್ರೋನ್ ನಿರ್ಮಾಪಕರಲ್ಲಿ ವ್ಯಾಪಕವಾಗಿದೆ.

ಕಾರ್ಯವಿಧಾನ

ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಬ್ರಷ್‌ರಹಿತ ಮೋಟಾರುಗಳನ್ನು ಬಳಸಲಾಗುತ್ತದೆ. ಇವುಗಳಿಗೆ ಮೂರು ತಂತಿಗಳಿದ್ದು, ಪ್ರತಿ ತಂತಿಗೆ ಎರಡರಂತೆ ಕನಿಷ್ಠ ಆರು ಮಾಸ್‌ಫೆಟ್‌ಗಳು ವಿದ್ಯುತ್ತನ್ನು ಸರದಿಯಂತೆ ಹರಿಸುತ್ತವೆ. ವಿದ್ಯುತ್ ಹರಿಯದಿರುವ ಸುರುಳಿಯಲ್ಲಿ ಉಂಟಾಗುವ ಪ್ರತಿ ವಿದ್ಯುಚ್ಚಾಲಕ ಬಲವನ್ನು ಗಮನಿಸಿ ಫರ್ಮ್‌ವೇರ್ ಅಯಸ್ಕಾಂತಗಳ ಸ್ಥಾನವನ್ನು ಅಂದಾಜು ಮಾಡುತ್ತದೆ. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕೆಂದು ನಿರ್ಧರಿಸುತ್ತದೆ. ಆದ್ದರಿಂದ ಯಂತ್ರಾಂಶ ಬದಲಾಗದಿದ್ದರೂ ಫರ್ಮ್‌ವೇರ್ ಬದಲಾದರೆ ಮೋಟಾರಿನ ವರ್ತನೆ ಬದಲಾಗುತ್ತದೆ.

ಇತಿಹಾಸ

ಆರಂಭಿಕ ಮುಕ್ತ ಫರ್ಮ್‌ವೇರ್‌ಗಳಲ್ಲಿ ಸೈಮನ್ ಕರ್ಬಿ ಅವರು ಎವಿಆರ್ ಚಿಪ್‌ಗಳಿಗಾಗಿ ಬರೆದ ಸೈಮನ್‌ಕೆ ಹೆಸರಾದುದು. ಅನಂತರ ಸ್ಟೆಫೆನ್ ಸ್ಕಾಗ್ ಅವರ ಬಿಎಲ್‌ಹೆಲಿ ಜನಪ್ರಿಯವಾಯಿತು. ಅದರ ಮುಂದಿನ ರೂಪವಾದ ಬಿಎಲ್‌ಹೆಲಿ ಎಸ್, ಸಿಲಿಕಾನ್ ಲ್ಯಾಬ್ಸ್‌ನ 8 ಬಿಟ್ ಬಿಝಿ ಬೀ ಚಿಪ್‌ಗಳಿಗಾಗಿ ಅಸೆಂಬ್ಲಿ ಭಾಷೆಯಲ್ಲಿ ರಚಿತವಾಗಿದ್ದು, ಅದರ ಆಕರ ಸಂಕೇತವೂ ಮುಕ್ತವಾಗಿತ್ತು. ಆದರೆ 32 ಬಿಟ್ ಚಿಪ್‌ಗಳಿಗಾಗಿ ಬಂದ ಬಿಎಲ್‌ಹೆಲಿ 32 ಮುಚ್ಚಿದ ತಂತ್ರಾಂಶವಾಗಿತ್ತು.

ಈ ವ್ಯತ್ಯಾಸದ ಪರಿಣಾಮ ಮುಂದೆ ಸ್ಪಷ್ಟವಾಯಿತು. ಬಿಎಲ್‌ಹೆಲಿ ಎಸ್‌ನ ಮೂಲ ಅಭಿವೃದ್ಧಿ ನಿಂತ ಮೇಲೂ ಅದರ ಆಕರ ಸಂಕೇತವನ್ನೇ ಆಧರಿಸಿ ಇತರರು ಬ್ಲೂಜೇಯನ್ನು ಬೆಳೆಸಿದರು. ಹಳೆಯ ಅಗ್ಗದ ಬೋರ್ಡುಗಳಿಗೂ ಹೊಸ ಸೌಲಭ್ಯಗಳು ದೊರೆತವು. 2024ರಲ್ಲಿ ಬಿಎಲ್‌ಹೆಲಿ 32ರ ಅಭಿವೃದ್ಧಿ ನಿಂತಾಗ, ಆಕರ ಸಂಕೇತ ಲಭ್ಯವಿಲ್ಲದ ಕಾರಣ ಅದನ್ನು ಮುಂದುವರಿಸುವ ಅವಕಾಶ ಬಳಕೆದಾರರಿಗೆ ಇರಲಿಲ್ಲ. ಹಲವು ತಯಾರಕರು 32 ಬಿಟ್ ಬೋರ್ಡುಗಳಿಗೆ ಮುಕ್ತ ಫರ್ಮ್‌ವೇರ್ ಆದ ಎಎಂ32 ಅನ್ನು ಅಳವಡಿಸತೊಡಗಿದರು.

ಬದಲಾವಣೆಯ ಉದ್ದೇಶ

ಮೂಲ ಬಿಎಲ್‌ಹೆಲಿ ಎಸ್‌ನಿಂದ ಬ್ಲೂಜೇಗೆ ಬದಲಿಸಲು ಮುಖ್ಯ ಕಾರಣ ದ್ವಿಮುಖ ಡಿಶಾಟ್. ಡಿಶಾಟ್ ಎಂಬುದು ಹಾರಾಟ ನಿಯಂತ್ರಕದಿಂದ ಇಎಸ್‌ಸಿಗೆ ಆದೇಶ ಕಳುಹಿಸುವ ಡಿಜಿಟಲ್ ವಿಧಾನ. ಇದರ ಪ್ರತಿ ಸಂದೇಶ 16 ಬಿಟ್‌ಗಳದ್ದು: 11 ಬಿಟ್ ವೇಗದ ಮೌಲ್ಯಕ್ಕೆ, 1 ಬಿಟ್ ಮಾಹಿತಿ ಕೋರಲು, 4 ಬಿಟ್ ದೋಷ ಪರಿಶೀಲನೆಗೆ. ದ್ವಿಮುಖ ಕ್ರಮದಲ್ಲಿ ಅದೇ ತಂತಿಯ ಮೂಲಕ ಮೋಟಾರಿನ ವೇಗ ಹಿಂದಕ್ಕೆ ವರದಿಯಾಗುತ್ತದೆ.

ಹೀಗೆ ಬರುವ ಸಂಖ್ಯೆ ವಿದ್ಯುತ್ ಆವರ್ತನೆಗಳದ್ದು. ಮೋಟಾರಿನಲ್ಲಿ 14 ಅಯಸ್ಕಾಂತಗಳಿದ್ದರೆ 7 ಧ್ರುವ ಜೋಡಿಗಳಾಗುತ್ತವೆ. ವರದಿಯಾದ 1,47,000ವನ್ನು 7ರಿಂದ ಭಾಗಿಸಿದರೆ ನಿಮಿಷಕ್ಕೆ 21,000 ಸುತ್ತು, ಅಂದರೆ ಸೆಕೆಂಡಿಗೆ 350 ಸುತ್ತು ಎಂದು ತಿಳಿಯುತ್ತದೆ. ಆ ಮೋಟಾರಿನ ಕಂಪನವೂ ಮುಖ್ಯವಾಗಿ 350 ಹರ್ಟ್ಝ್‌ನಲ್ಲಿಯೇ ಇರುವುದರಿಂದ, ಬೀಟಾಫ್ಲೈಟ್‌ನಂತಹ ಹಾರಾಟ ತಂತ್ರಾಂಶ ಗೈರೊಸ್ಕೋಪಿನ ಸಂಕೇತದಿಂದ ಆ ಆವರ್ತನವನ್ನೂ ಅದರ ಗುಣಕಗಳನ್ನೂ ಮಾತ್ರ ಸೋಸಿ ತೆಗೆಯಬಲ್ಲದು. ಇದರಿಂದ ಹಾರಾಟ ಸ್ಥಿರವಾಗುತ್ತದೆ, ಮೋಟಾರುಗಳು ಬಿಸಿಯಾಗುವುದೂ ತಗ್ಗಬಹುದು.

ಬ್ಲೂಜೇಯಲ್ಲಿ 24, 48 ಮತ್ತು 96 ಕಿಲೋಹರ್ಟ್ಝ್‌ಗಳ ಪಿಡಬ್ಲ್ಯೂಎಂ ಆವರ್ತನಗಳು ಲಭ್ಯ. ಆವರ್ತನ ಹೆಚ್ಚಿದಂತೆ ಮೋಟಾರು ನಯವಾಗಿ ತಿರುಗುತ್ತದೆ, ಚಿಕ್ಕ ಡ್ರೋನುಗಳ ಹಾರಾಟದ ಅವಧಿ ಹೆಚ್ಚಬಹುದು; ಆದರೆ ಕಡಿಮೆ ವೇಗದಲ್ಲಿ ತಿರುಗುಬಲ ಕುಗ್ಗುತ್ತದೆ.

ವಿಧಾನ

ಬಿಎಲ್‌ಹೆಲಿ ಎಸ್ ಬೋರ್ಡುಗಳಲ್ಲಿ ಬೆಸುಗೆಯ ಅಗತ್ಯವಿಲ್ಲ. ಮೊದಲು ಎಲ್ಲ ರೆಕ್ಕೆಗಳನ್ನು ಕಳಚಬೇಕು. ಹಾರಾಟ ನಿಯಂತ್ರಕವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಬ್ಯಾಟರಿಯನ್ನೂ ಜೋಡಿಸಲಾಗುತ್ತದೆ. ಯುಎಸ್‌ಬಿಯ ವಿದ್ಯುತ್ ಸಾಮಾನ್ಯವಾಗಿ ಇಎಸ್‌ಸಿಗೆ ತಲಪುವುದಿಲ್ಲ. ಬ್ರೌಸರಿನಲ್ಲಿ ನಡೆಯುವ ಇಎಸ್‌ಸಿ ಕಾನ್ಫಿಗರೇಟರ್ ಹಾರಾಟ ನಿಯಂತ್ರಕದ ಮೂಲಕವೇ ಇಎಸ್‌ಸಿಗಳನ್ನು ಓದಿ ಹೊಸ ಫರ್ಮ್‌ವೇರ್ ಬರೆಯುತ್ತದೆ. ಬರೆಯುವ ಮುನ್ನ ಹಳೆಯ ಸಂರಚನೆಗಳನ್ನು ಗುರುತು ಹಾಕಿಕೊಳ್ಳುವುದು ಸೂಕ್ತ. ಬರೆಯುವಾಗ ವಿದ್ಯುತ್ ಕಡಿತವಾಗಬಾರದು. ಬಳಿಕ ರೆಕ್ಕೆಗಳಿಲ್ಲದೆಯೇ ಪ್ರತಿ ಮೋಟಾರಿನ ತಿರುಗುವ ದಿಕ್ಕನ್ನು ಪರೀಕ್ಷಿಸಬೇಕು.

ಬಿಎಲ್‌ಹೆಲಿ 32ರಿಂದ ಎಎಂ32ಕ್ಕೆ ಬದಲಿಸುವುದು ಇಷ್ಟು ಸುಲಭವಲ್ಲ. ಚಿಪ್‌ನ ಓದು ರಕ್ಷಣೆಯನ್ನು ತೆಗೆದಾಗ ಅದರಲ್ಲಿದ್ದುದೆಲ್ಲವೂ ಅಳಿಸಿಹೋಗುವುದರಿಂದ ಮೂಲ ಫರ್ಮ್‌ವೇರಿಗೆ ಮರಳಲು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಇದಕ್ಕೆ ಬೋರ್ಡಿನ ಪ್ರೋಗ್ರಾಮಿಂಗ್ ಬಿಂದುಗಳಿಗೆ ತಂತಿ ಜೋಡಿಸಿ ಬೂಟ್‌ಲೋಡರನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಅಪಾಯಗಳು

ಮುಖ್ಯ ಅಪಾಯವು ಬೋರ್ಡಿಗೆ ಹೊಂದದ ಫರ್ಮ್‌ವೇರ್ ಹಾಕುವುದರಿಂದ ಬರುತ್ತದೆ. ಬಿಎಲ್‌ಹೆಲಿ ಎಸ್ ಮತ್ತು ಬ್ಲೂಜೇಯಲ್ಲಿ ಬೋರ್ಡಿನ ಗುರುತು ಜಿ-ಎಚ್-30 ಎಂಬ ಮಾದರಿಯಲ್ಲಿರುತ್ತದೆ. ಮೊದಲ ಅಕ್ಷರ ಚಿಪ್‌ನ ಕಾಲುಗಳ ಜೋಡಣೆಯನ್ನೂ ಎರಡನೆಯದು ಚಿಪ್‌ನ ವೇಗದ ವರ್ಗವನ್ನೂ ಸೂಚಿಸುತ್ತದೆ. ಕೊನೆಯ ಸಂಖ್ಯೆ ಒಂದೇ ತಂತಿಯ ಒಂದು ಮಾಸ್‌ಫೆಟ್ ಮುಚ್ಚಿದ ಮೇಲೆ ಇನ್ನೊಂದು ತೆರೆಯುವವರೆಗಿನ ಅಂತರವನ್ನು ತಿಳಿಸುತ್ತದೆ. ಇದರ ಒಂದು ಏಕಮಾನ ಸುಮಾರು 20 ನ್ಯಾನೋಸೆಕೆಂಡ್. ಕಾಲುಗಳ ಜೋಡಣೆ ತಪ್ಪಿದರೆ ಅಥವಾ ಈ ಅಂತರ ಸಾಲದಾದರೆ ಎರಡೂ ಮಾಸ್‌ಫೆಟ್‌ಗಳು ಏಕಕಾಲದಲ್ಲಿ ತೆರೆದು, ಬ್ಯಾಟರಿ ನೇರವಾಗಿ ಶಾರ್ಟ್ ಆಗಿ ಬೋರ್ಡು ಸುಟ್ಟುಹೋಗಬಹುದು. ಆದ್ದರಿಂದ ಹಳೆಯ ಫರ್ಮ್‌ವೇರ್ ತೋರಿಸುವ ಗುರುತನ್ನೇ ಹೊಸದಕ್ಕೂ ಆರಿಸುವುದು ನಿಯಮ. ಮೊದಲ ಬಾರಿ ವಿದ್ಯುತ್ ನೀಡುವಾಗ ಪ್ರವಾಹವನ್ನು ಮಿತಿಗೊಳಿಸುವ ಸಾಧನ ಬಳಸಿದರೆ ಹಾನಿಯ ಸಾಧ್ಯತೆ ಕಡಿಮೆ.