ಮಾಯದ ಹುಣ್ಣಿಗೆ ಮುಲಾಮಲ್ಲ, ಬಯಾಪ್ಸಿ

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಷ್ಟೇ ಇದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಬಿಸಿಲಿನ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ಆಸ್ಟ್ರೇಲಿಯಾದಲ್ಲಿ ಕಾಣುವಷ್ಟು ಪ್ರಮಾಣದಲ್ಲಿ ಈ ರೋಗ ಭಾರತದಲ್ಲಿ ಕಾಣುವುದಿಲ್ಲ. ಆದರೆ ಅಪರೂಪವೆಂಬ ಕಾರಣಕ್ಕೇ ಅದರ ಮೇಲೆ ಅನುಮಾನ ಮೂಡುವುದು ತಡವಾಗುತ್ತದೆ. ಊರಿನ ಚರ್ಮರೋಗ ಕ್ಲಿನಿಕ್ಕಿನಲ್ಲೇ ಮುಗಿಯಬಹುದಾಗಿದ್ದ ಚಿಕಿತ್ಸೆ, ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತ ಕಳೆದ ಮೇಲೆ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಯಾಗಿ ಬೆಳೆಯುತ್ತದೆ.

ಈ ರೋಗದಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಹೊರಚರ್ಮದ ತಳಪದರದ ಕೋಶಗಳನ್ನು ಹೋಲುವ ಬೇಸಲ್ ಸೆಲ್ ಕಾರ್ಸಿನೋಮ ಹೆಚ್ಚಾಗಿ ಮೂಗು, ಕಣ್ಣಿನ ರೆಪ್ಪೆ, ಕೆನ್ನೆಗಳ ಮೇಲೆ ಏಳುತ್ತದೆ. ಬಿಳಿಯರಲ್ಲಿ ನಸುಗೆಂಪಾಗಿರುವ ಈ ಗಂಟು ನಮ್ಮವರಲ್ಲಿ ಅನೇಕ ಸಲ ಕಪ್ಪಾಗಿರುವುದರಿಂದ ಮಚ್ಚೆಯೆಂದೇ ಭಾವಿಸಲ್ಪಡುತ್ತದೆ. ಇದು ದೇಹದ ಬೇರೆಡೆಗೆ ಹರಡುವುದು ತೀರ ವಿರಳವಾದರೂ ಇದ್ದ ಜಾಗವನ್ನು ನಿಧಾನವಾಗಿ ಕೊರೆಯುತ್ತ ಹೋಗುತ್ತದೆ. ಮೇಲ್ಪದರದ ಚಪ್ಪಟೆ ಕೋಶಗಳಿಂದ ಬೆಳೆಯುವ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಹೂಕೋಸಿನಂತೆ ಒರಟಾಗಿ ಉಬ್ಬಬಹುದು ಅಥವಾ ಹುಣ್ಣಾಗಬಹುದು, ಮತ್ತು ಹತ್ತಿರದ ದುಗ್ಧಗ್ರಂಥಿಗಳಿಗೆ ಹರಡಬಲ್ಲದು. ಮೆಲನಿನ್ ತಯಾರಿಸುವ ಕೋಶಗಳಲ್ಲಿ ಹುಟ್ಟುವ ಮೆಲನೋಮ ಮೂರರಲ್ಲಿ ಅತ್ಯಂತ ಅಪಾಯಕಾರಿ. ಭಾರತೀಯರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ತಾಗದ ಅಂಗಾಲಿನಲ್ಲಿ, ಅಂಗೈಯಲ್ಲಿ ಹಾಗೂ ಉಗುರಿನಡಿ. ಜಮೈಕದ ಗಾಯಕ ಬಾಬ್ ಮಾರ್ಲಿ ಕಾಲ್ಬೆರಳಿನ ಉಗುರಿನಡಿ ಆರಂಭವಾದ ಮೆಲನೋಮದಿಂದ 1981ರಲ್ಲಿ, 36ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಿಸಿಲಿನ ಹೊರತಾಗಿ ನಮ್ಮ ನೆಲದ ಕಾರಣಗಳೂ ಇವೆ. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹಲವು ವರ್ಷಗಳ ನಂತರ ಏಳುವ ಹುಣ್ಣು ಕ್ಯಾನ್ಸರ್ ಆಗಿರಬಹುದು. ಇದಕ್ಕೆ ಮಾರ್ಜೋಲಿನ್ ಹುಣ್ಣು ಎಂದು ಹೆಸರು. ಧೋತರ ಬಿಗಿಯುವ ಸೊಂಟದ ಜಾಗದಲ್ಲಿ ಬರುವ ಕ್ಯಾನ್ಸರನ್ನು ಮುಂಬೈಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲೇ ದಾಖಲಿಸಿದ್ದರು. ಲಂಗದ ಲಾಡಿ ಉಜ್ಜಿ ಉಜ್ಜಿ ಕಪ್ಪಾದ ಚರ್ಮದಲ್ಲಿಯೂ ವಿರಳವಾಗಿ ಅಂಥದೇ ರೋಗ ಕಂಡುಬಂದಿದೆ. ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿರುವ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನೊಂದಿಗೆ ಆರ್ಸೆನಿಕ್ ಸೇವಿಸಿದವರ ಅಂಗೈ ಅಂಗಾಲುಗಳಲ್ಲಿ ಗಡುಸಾದ ಗಂಟುಗಳು ಎದ್ದುದನ್ನು ಸಂಶೋಧಕರು ವರದಿ ಮಾಡಿದ್ದಾರೆ. ಇಂಥ ಗಂಟುಗಳು ಮುಂದೆ ಕ್ಯಾನ್ಸರ್ ಆಗಿ ಮಾರ್ಪಡುವ ಸಾಧ್ಯತೆ ಇರುತ್ತದೆ.

ಹೀಗಾಗಿ ನಾಲ್ಕು ವಾರ ಕಳೆದರೂ ಮಾಯದ ಹುಣ್ಣು, ಪದೇಪದೇ ಹಕ್ಕಳೆಗಟ್ಟಿ ರಕ್ತ ಒಸರುವ ಗಂಟು, ಆಕಾರ, ಬಣ್ಣ ಅಥವಾ ಗಾತ್ರ ಬದಲಾಗುತ್ತಿರುವ ಮಚ್ಚೆ, ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ, ಆಣಿಯೆಂದು ಕೆತ್ತಿದರೂ ಮರಳಿ ಬೆಳೆಯುವ ಅಂಗಾಲಿನ ಕಪ್ಪು ಕಲೆ, ಇವುಗಳಲ್ಲಿ ಯಾವುದಿದ್ದರೂ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಇಲ್ಲಿ ಎರಡು ಬಗೆಯಲ್ಲಿ ಕೇಡು ಮಾಡುತ್ತದೆ: ಮೇಲಿನ ಕೆಂಪು ಇಳಿದು ಗುಣವಾದ ಭ್ರಮೆ ಹುಟ್ಟುತ್ತದೆ, ಅಷ್ಟರಲ್ಲಿ ಕಾಲವೂ ಕಳೆದಿರುತ್ತದೆ.

ಕ್ಲಿನಿಕ್ಕಿನಲ್ಲಿ ತಜ್ಞರು ಮೊದಲು ಡರ್ಮೋಸ್ಕೋಪ್ ಎಂಬ, ಸಾಮಾನ್ಯವಾಗಿ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ದೀಪಸಹಿತ ಮಸೂರದಿಂದ ಕಲೆಯನ್ನು ನೋಡುತ್ತಾರೆ. ಅನುಮಾನ ಉಳಿದರೆ ಬಯಾಪ್ಸಿ, ಅಂದರೆ ಚರ್ಮದ ಚಿಕ್ಕ ತುಣುಕನ್ನು ತೆಗೆದು ಪರೀಕ್ಷಿಸುವುದು, ಅನಿವಾರ್ಯವಾಗುತ್ತದೆ. ಜಾಗವನ್ನು ಲಿಗ್ನೋಕೇಯ್ನ್ ಚುಚ್ಚುಮದ್ದಿನಿಂದ ಮರಗಟ್ಟಿಸಿ, 3ರಿಂದ 4 ಮಿಲಿಮೀಟರ್ ಅಗಲದ ದುಂಡನೆಯ ಅಲಗನ್ನು ತಿರುಗಿಸಿ ತುಣುಕನ್ನು ಬಿಡಿಸಿ, ಒಂದೆರಡು ಹೊಲಿಗೆ ಹಾಕಿ, ತುಣುಕನ್ನು ಫಾರ್ಮಲಿನ್ ದ್ರಾವಣದ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ರೋಗಿ ಅಂದೇ ಮನೆಗೆ ಮರಳುತ್ತಾನೆ. ಮೆಲನೋಮದ ಅನುಮಾನವಿದ್ದಲ್ಲಿ ಸಾಧ್ಯವಾದಷ್ಟೂ ಇಡೀ ಕಲೆಯನ್ನೇ ತೆಗೆಯುವುದು ರೂಢಿ, ಏಕೆಂದರೆ ಗೆಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಬಯಾಪ್ಸಿಯನ್ನು ತಳ್ಳಿಹಾಕುವವರು ಹಲವರಿದ್ದರೂ ಆ ಭಯಕ್ಕೆ ಆಧಾರವಿಲ್ಲ; ರೋಗ ಹರಡಲು ಎಡೆಗೊಡುವುದು ವಿಳಂಬವೇ.

ಚಿಕ್ಕ ಬೇಸಲ್ ಸೆಲ್ ಗೆಡ್ಡೆಯನ್ನು ಸುತ್ತಲಿನ ಸುಮಾರು 4 ಮಿಲಿಮೀಟರ್ ಆರೋಗ್ಯವಂತ ಚರ್ಮದೊಂದಿಗೆ ಕತ್ತರಿಸಿ ತೆಗೆಯುವುದು ತರಬೇತಿ ಪಡೆದ ತಜ್ಞರಿಗೆ ಕ್ಲಿನಿಕ್ಕಿನಲ್ಲೇ ಸಾಧ್ಯ. ತೀರ ಮೇಲ್ಪದರದಲ್ಲೇ ಇರುವ ಕೆಲವು ಗೆಡ್ಡೆಗಳಿಗೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಕ್ರಯೋಥೆರಪಿ ಅಥವಾ ಇಮಿಕ್ವಿಮೋಡ್ ಮುಲಾಮು ಸಾಕಾಗಬಹುದು. ಮೂಗು, ರೆಪ್ಪೆಗಳಂಥ ಕಡೆ ಪದರ ಪದರವಾಗಿ ತೆಗೆದು, ಪ್ರತಿ ಪದರವನ್ನೂ ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಸಾಗುವ ಮೋಸ್ ಶಸ್ತ್ರಚಿಕಿತ್ಸೆ ಉತ್ತಮವಾದರೂ ಅದು ದೊರೆಯುವುದು ಕೆಲವೇ ಕೇಂದ್ರಗಳಲ್ಲಿ.

ಮೆಲನೋಮ, ಗ್ರಂಥಿಗಳಿಗೆ ಹರಡಿದ ಅಥವಾ ಎಲುಬಿಗೆ ಇಳಿದ ಗೆಡ್ಡೆಗಳು ಕ್ಲಿನಿಕ್ಕಿನ ಮಿತಿಯನ್ನು ಮೀರಿದವು. ಅಂಥವರನ್ನು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುವುದರಿಂದ, ರೇಷನ್ ಕಾರ್ಡು, ಆಧಾರ್ ಜೊತೆಗೆ ಬಯಾಪ್ಸಿ ವರದಿಯನ್ನೂ ಕೈಯಲ್ಲಿಟ್ಟುಕೊಂಡು ಹೋಗುವುದು ಒಳಿತು. ಖಾಸಗಿ ಆಸ್ಪತ್ರೆಗೆ ಹೋಗುವವರು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಮೊದಲೇ ವಿಚಾರಿಸಬೇಕು.

ಬೇಗ ಪತ್ತೆಯಾದ ಚರ್ಮದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಪೂರ್ಣವಾಗಿ ಗುಣವಾಗುತ್ತವೆ. ಆದ್ದರಿಂದ ತಿಂಗಳು ಕಳೆದರೂ ಮಾಯದ ಹುಣ್ಣಿಗೆ ಇನ್ನೊಂದು ಮುಲಾಮನ್ನು ಕೊಳ್ಳುವ ಬದಲು ಚರ್ಮರೋಗ ತಜ್ಞರನ್ನು ಕಾಣಬೇಕು, ಮತ್ತು ಅವರು ಬಯಾಪ್ಸಿ ಬೇಕೆಂದರೆ ಒಪ್ಪಿಕೊಳ್ಳಬೇಕು.